ಡಾರ್ಜಿಲಿಂಗ್ ಎಲೆ, ದಾವಣಗೆರೆ ನೀರು

ಕೂನೂರಿನ ಒಂದು ಸಣ್ಣ ಅಂಗಡಿಯಲ್ಲಿ ಕುಡಿದ ಚಹಾ ಹೊಂಬಣ್ಣಕ್ಕಿತ್ತು. ಹಾಲಿಲ್ಲ, ಸಕ್ಕರೆ ಇಲ್ಲ. ಆದರೂ ನುಂಗಿದ ಮೇಲೆ ಬಾಯಲ್ಲಿ ಹೂವಿನ ಪರಿಮಳ ನಿಂತಿತ್ತು. ಕಾಲು ಕೆಜಿ ಎಲೆ ಕಟ್ಟಿಸಿಕೊಂಡು ಬಂದೆ. ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಲ್ಲಿ ಅದೇ ಎಲೆ ಹಾಕಿ ಮಾಡಿದರೆ ಲೋಟಕ್ಕೆ ಬಿದ್ದದ್ದು ಮಂಕು ಮಂಕಾದ ಕಂದು ನೀರು. ಮೇಲೆ ಎಣ್ಣೆ ತೇಲಿದ ಹಾಗೆ ತೆಳ್ಳಗೆ ಒಂದು ಪೊರೆ. ಪರಿಮಳದ ಪತ್ತೆಯೇ ಇಲ್ಲ. ನಮ್ಮ ಯಜಮಾನರು ಒಂದು ಗುಟುಕು ಕುಡಿದು, "ಇದಕ್ಕಾ ಅಷ್ಟು ದುಡ್ಡು ಕೊಟ್ಟಿದ್ದು?" ಅಂತ ಕೇಳಿ, ಚಪ್ಪಲಿ ಮೆಟ್ಟಿಕೊಂಡು ಸರ್ಕಲ್ ಕಡೆ ಖಡಕ್ ಚಾ ಕುಡಿಯಲು ಹೊರಟರು.

ಅಂಗಡಿಯವನು ರುಚಿ ತೋರಿಸಿದ್ದು ಒಂದು, ಕಟ್ಟಿಕೊಟ್ಟಿದ್ದು ಇನ್ನೊಂದು ಅಂತ ನನಗೆ ಅನುಮಾನ. ಆಮೇಲೆ ಡಾರ್ಜಿಲಿಂಗ್ ತರಿಸಿದೆ, ಅಸ್ಸಾಂ ತರಿಸಿದೆ. ಎಲ್ಲದರ ಹಣೆಬರಹವೂ ಅದೇ. ಎಲೆ ಜಾಸ್ತಿ ಹಾಕಿದರೆ ಒಗರು, ಕಡಿಮೆ ಹಾಕಿದರೆ ಸಪ್ಪೆ. ಎರಡು ತಿಂಗಳು ಎಲೆಗಳನ್ನು ಬೈದುಕೊಂಡೇ ಕಳೆದೆ.

ದಾರಿ ತೋರಿಸಿದ್ದು ನಮ್ಮ ಅತ್ತೆ. ಅವರು ಚಹಾ ಮುಟ್ಟುವುದೇ ಇಲ್ಲ. ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ಕೂತು ನನ್ನ ಪರದಾಟ ನೋಡುತ್ತಿದ್ದವರು ಒಂದು ದಿನ ಅಂದರು: "ಅಲ್ಲವ್ವ, ಬೋರಿನ ನೀರಾಗೆ ಬ್ಯಾಳೇನೇ ಬೇಯಲ್ಲ. ನಿನ್ನ ಎಲೆ ಏನು ಬಿಟ್ಕೊಡ್ತದೆ?"

ಬೇಳೆಗೆ ನಲ್ಲಿ ನೀರು, ಬಳಸಲಿಕ್ಕೆ ಬೋರಿನ ನೀರು. ಮದುವೆಯಾಗಿ ಬಂದ ವಾರದಲ್ಲೇ ಅವರು ಹೇಳಿಕೊಟ್ಟ ಲೆಕ್ಕ ಇದು. ಬೇಳೆಗೆ ಪಾಲಿಸುತ್ತಿದ್ದೆ. ಚಹಾಕ್ಕೆ ಮಾತ್ರ, ಹೇಗೂ ಕುದಿಸುತ್ತೀನಲ್ಲ ಅಂತ ಸಿಂಕಿನ ನೀರನ್ನೇ ಹಿಡಿಯುತ್ತಿದ್ದೆ. ಸಿಂಕಿಗೆ ಬರುವುದು ಬೋರಿನ ನೀರು.

ಅವತ್ತೇ ಮೂರು ಪಿಂಗಾಣಿ ಬಟ್ಟಲು ಸಾಲಾಗಿ ಇಟ್ಟೆ. ಒಂದಕ್ಕೆ ಬೋರಿನ ನೀರು. ಇನ್ನೊಂದಕ್ಕೆ ನಲ್ಲಿ ನೀರು. ನಮ್ಮ ಊರಿಗೆ ಅದು ತುಂಗಭದ್ರಾ ಹೊಳೆಯಿಂದಲೂ, ಭದ್ರಾ ಕಾಲುವೆಯ ನೀರು ತುಂಬುವ ಕುಂದುವಾಡ ಕೆರೆಯಂಥ ಕೆರೆಗಳಿಂದಲೂ ಬರುತ್ತದೆ. ಮೂರನೆಯದಕ್ಕೆ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರು. ಮೂರಕ್ಕೂ ಅದೇ ಕೂನೂರಿನ ಎಲೆ, ಅದೇ ತೂಕ, ಅದೇ ನಾಲ್ಕು ನಿಮಿಷ.

ಬೋರಿನದು ಮೊದಲಿನ ಹಾಗೇ ಕಪ್ಪಗೆ, ಪೊರೆ ಕಟ್ಟಿಕೊಂಡು ಕೂತಿತ್ತು. ನಲ್ಲಿ ನೀರಿನದು ತಿಳಿಯಾಗಿ, ಕೆಂಪು ಬೆರೆತ ಹೊಂಬಣ್ಣ. ಮೂಗು ಹತ್ತಿರ ಒಯ್ದರೆ ಕೂನೂರಿನ ಅಂಗಡಿ ನೆನಪಾಯಿತು. ಆ ಅಂಗಡಿಯವನನ್ನು ಮನಸ್ಸಿನಲ್ಲಿ ಎಷ್ಟು ಬೈದಿದ್ದೆನೋ, ಪಾಪ. ಕ್ಯಾನಿನ ನೀರಿನದು ಬಣ್ಣದಲ್ಲಿ ಎಲ್ಲಕ್ಕಿಂತ ಚೆಂದ. ಆದರೆ ಬಾಯಿಗೆ ಹಾಕಿದರೆ ಚುರುಕು ಜಾಸ್ತಿ, ಮೈ ಇಲ್ಲ. ಉಪ್ಪು ಹಾಕದ ಸಾರಿನ ಹಾಗೆ.

ನಮ್ಮ ಬೋರಿನದು ಗಡಸು ನೀರು. ಅಂಥ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಜಾಸ್ತಿ ಇರುತ್ತವೆ. ಬೇಳೆ ಬೇಯದಿರಲು ಒಂದು ಕಾರಣ ಈ ಕ್ಯಾಲ್ಸಿಯಂ. ಬೇಳೆಯ ಕಣಗಳನ್ನು ಅಂಟಿನ ಹಾಗೆ ಕೂಡಿಸಿಟ್ಟಿರುವ ಪೆಕ್ಟಿನ್ನನ್ನು ಅದು ಗಟ್ಟಿ ಹಿಡಿದುಕೊಳ್ಳುತ್ತದೆ. ಚಹಾದ ಒಗರಿಗೆ ಕಾರಣವಾದ ಪಾಲಿಫಿನಾಲ್‌ಗಳು ಇವೆರಡರ ಜೊತೆ ಸೇರಿ, ಗಾಳಿ ತಾಗುವ ಕಡೆ ಪೊರೆಯಾಗುತ್ತವೆ. ಬೈಕಾರ್ಬೊನೇಟ್ ನೀರನ್ನು ಕ್ಷಾರದ ಕಡೆ ಎಳೆಯುವುದರಿಂದ ಬಣ್ಣವೂ ಕಪ್ಪಾಗುತ್ತದೆ. ನಿಂಬೆರಸ ಹಿಂಡಿದ ಕೂಡಲೇ ಚಹಾ ತೆಳು ಬಣ್ಣಕ್ಕೆ ತಿರುಗುವುದನ್ನು ಎಲ್ಲರೂ ನೋಡಿದ್ದೀರಲ್ವಾ? ಅದು ಇದರ ಉಲ್ಟಾ. ಪೊರೆ ಕಟ್ಟಿದ ಬೋರಿನ ಚಹಾಕ್ಕೆ ಎರಡು ಹನಿ ನಿಂಬೆರಸ ಬಿಟ್ಟೆ. ಪೊರೆ ಕರಗಿ ಹೋಯಿತು. ಹೋದ ಪರಿಮಳ ಮಾತ್ರ ವಾಪಸ್ ಬರಲಿಲ್ಲ.

ಈಗ ನಲ್ಲಿ ನೀರು ಅರ್ಧ, ಕ್ಯಾನಿನ ನೀರು ಅರ್ಧ ಬೆರೆಸುತ್ತೇನೆ. ನಲ್ಲಿ ನೀರು ಬಾರದ ದಿನ ಬೋರಿನ ನೀರನ್ನು ರಾತ್ರಿಯೇ ಹತ್ತು ನಿಮಿಷ ಕುದಿಸಿ ಬಿಡುತ್ತೇನೆ. ಬೆಳಿಗ್ಗೆ ಹೊತ್ತಿಗೆ ಸುಣ್ಣ ತಳಕ್ಕೆ ಕೂತಿರುತ್ತದೆ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡರೆ ಪರವಾಗಿಲ್ಲ ಅನ್ನುವಂಥ ಚಹಾ ಆಗುತ್ತದೆ. ಎಲ್ಲ ಗಡಸೂ ಹೋಗುವುದಿಲ್ಲ. ಕುದಿಸಿದರೆ ಹೋಗುವ ಪಾಲು ಹೋಗುತ್ತದೆ, ಅಷ್ಟೇ.

ಹಾಗಾದರೆ ಹೋಟೆಲಿನ ಖಡಕ್ ಚಾ ಯಾವ ನೀರಿನಲ್ಲಾದರೂ ಯಾಕೆ ಚೆನ್ನಾಗಿರುತ್ತದೆ ಅಂತ ಯಜಮಾನರು ಕೇಳಿದರು. ನ್ಯಾಯವಾದ ಪ್ರಶ್ನೆ. ಅದು ಸಿಟಿಸಿ ಪುಡಿ. ಎಲೆಯನ್ನು ಹಲ್ಲಿನ ರೋಲರ್‌ಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡುವ ಈ ವಿಧಾನ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾಯಿತು. ಸಣ್ಣ ಕಾಳಾದ್ದರಿಂದ ಬಣ್ಣ, ಖಾರ ಎಲ್ಲ ಒಂದೇ ಕುದಿಗೆ ಬಿಡುತ್ತದೆ. ಮೇಲೆ ಹಾಲು, ಸಕ್ಕರೆ, ಶುಂಠಿ. ಹಾಲಿನ ಪ್ರೋಟೀನು ಒಗರನ್ನು ಕಟ್ಟಿಹಾಕುತ್ತದೆ. ಅಷ್ಟು ಗದ್ದಲದಲ್ಲಿ ನೀರಿನ ತಪ್ಪು ಯಾರಿಗೂ ಕೇಳಿಸುವುದಿಲ್ಲ. ನಾನೇನು ಅದನ್ನು ಬಿಟ್ಟಿಲ್ಲ. ಮಂಡಕ್ಕಿ-ಮಿರ್ಚಿ ತಿಂದ ಮೇಲೆ ಡಾರ್ಜಿಲಿಂಗ್ ಕುಡಿಯುವುದು ದುಡ್ಡು ದಂಡ. ಬೆಣ್ಣೆ ದೋಸೆ ಆದಮೇಲೆ ಮಾತ್ರ ಹಾಲಿಲ್ಲದ ಅಸ್ಸಾಂ ಎಲೆಯ ಚಹಾ ಕುಡಿದು ನೋಡಿ. ಆ ಒಗರು ನಾಲಿಗೆಯ ಮೇಲಿನ ಬೆಣ್ಣೆಯನ್ನು ಕೆರೆದು ತೆಗೆದ ಹಾಗೆ ಇರುತ್ತದೆ.

ನೀರು ಸರಿಯಾದ ಮೇಲೆ ಬಿಸಿಯ ಕಡೆ ಗಮನ ಹೋಯಿತು. ಕೂನೂರು ಸಮುದ್ರಮಟ್ಟದಿಂದ ಸುಮಾರು 1,850 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಹೆಚ್ಚುಕಡಿಮೆ 94 ಡಿಗ್ರಿಗೇ ಕುದಿಯುತ್ತದೆ. ದಾವಣಗೆರೆ 600 ಮೀಟರ್ ಆಸುಪಾಸು, ಇಲ್ಲಿ 98. ಅಂದರೆ ಅಂಗಡಿಯವನು ಕೊತಕೊತ ಕುದಿಯುವ ನೀರು ಹಾಕಿದ್ದರೂ ಅದು ನನ್ನ ಕೆಟಲ್ ನೀರಿಗಿಂತ ತಣ್ಣಗೇ ಇತ್ತು. ಈಗ ಒಲೆ ಆರಿಸಿ ಒಂದು ನಿಮಿಷ ಕಾಯುತ್ತೇನೆ.

ಡಾರ್ಜಿಲಿಂಗ್‌ನ ವರ್ಷದ ಮೊದಲ ಚಿಗುರಿಗೆ ಇನ್ನೂ ಇಳಿಸಬೇಕು. ಮಾರ್ಚ್-ಏಪ್ರಿಲ್ ಹೊತ್ತಿಗೆ ಕೀಳುವ ಎಲೆ ಅದು. ಒಣಗಿದ ಮೇಲೂ ಹಸಿರು ಹಸಿರಾಗಿರುತ್ತದೆ. 85ರಿಂದ 90 ಡಿಗ್ರಿ, ಮೂರು ನಿಮಿಷ ಸಾಕು. ಮೇ-ಜೂನ್‌ನಲ್ಲಿ ಕೀಳುವ ಎರಡನೇ ಸುಗ್ಗಿಯ ಎಲೆ ಗಟ್ಟಿಗ. ಬಿಸಿ ತಡೆಯುತ್ತದೆ, ದ್ರಾಕ್ಷಿಯ ಹಾಗೆ ಸಿಹಿ ವಾಸನೆ ಕೊಡುತ್ತದೆ. ಹಸಿರು ಚಹಾಕ್ಕೆ 75-80 ಡಿಗ್ರಿ, ಎರಡೇ ನಿಮಿಷ. ಅದನ್ನು ಕುದಿಸಿ ಕಹಿ ಮಾಡಿಕೊಂಡು, ಆರೋಗ್ಯಕ್ಕೆ ಒಳ್ಳೆಯದು ಅಂತ ಕಣ್ಣುಮುಚ್ಚಿ ನುಂಗುವವರು ನಮ್ಮ ಬೀದಿಯಲ್ಲೇ ನಾಲ್ಕು ಜನ ಇದ್ದಾರೆ.

ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಕುದಿದ ನೀರನ್ನು ತಣ್ಣನೆ ಸ್ಟೀಲ್ ಲೋಟಕ್ಕೆ ಒಮ್ಮೆ ಸುರಿದರೆ ನನ್ನ ಅಳತೆಯಲ್ಲಿ ಹತ್ತು ಡಿಗ್ರಿ ಇಳಿಯುತ್ತದೆ. ಇನ್ನೊಂದು ಲೋಟಕ್ಕೆ ಸುರಿದರೆ ಹಸಿರು ಚಹಾದ ಹತ್ತಿರಕ್ಕೆ ಬರುತ್ತದೆ. ತೂಕಕ್ಕೆ ಮಾತ್ರ ಸಣ್ಣ ಡಿಜಿಟಲ್ ತಕ್ಕಡಿ ಇರಲಿ. ಚಮಚದ ಲೆಕ್ಕ ನಂಬಬೇಡಿ. ಉದ್ದುದ್ದ ಎಲೆ ಚಮಚದಲ್ಲಿ ಒಂದು ಗ್ರಾಂ ಕೂರುತ್ತದೆ, ಉಂಡೆ ಸುತ್ತಿದ ಊಲಾಂಗ್ (ಹಸಿರು ಚಹಾಕ್ಕೂ ಕಪ್ಪು ಚಹಾಕ್ಕೂ ನಡುವಿನ ಬಗೆ) ಮೂರು ಗ್ರಾಂ. ರುಚಿ ನೋಡುವವರಿಗೆ ಐಎಸ್‌ಒ 3103 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ. 100 ಮಿ.ಲೀ. ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಅದು ಎಲೆಯ ದೋಷ ಹಿಡಿಯಲು, ಬಾಯಿಗೆ ಖುಷಿ ಕೊಡಲು ಅಲ್ಲ. ನಾನು 2 ಗ್ರಾಂ ಎಲೆಗೆ 150 ಮಿ.ಲೀ. ಹಾಕುತ್ತೇನೆ.

ಚಹಾದ ರುಚಿ ನೋಡುವುದನ್ನೇ ವೃತ್ತಿ ಮಾಡಿಕೊಂಡವರು ಅದನ್ನು ಚಮಚದಲ್ಲಿ ತೆಗೆದು ಜೋರಾಗಿ ಸೊರ್ ಅಂತ ಎಳೆಯುತ್ತಾರೆ. ಗಾಳಿಯ ಜೊತೆ ಬಾಯಿಗೆ ಹೋದರೆ ಪರಿಮಳ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ಇದು ಓದಿದಾಗ ನಗು ಬಂತು. ನಮ್ಮಪ್ಪ ಬಸಿಗೆ ಚಾ ಸುರಿದು ಹೀಗೇ ಸೊರ್ ಅನ್ನಿಸುತ್ತಿದ್ದರು. ನಾವು ಮಕ್ಕಳು ಬಂದವರ ಎದುರು ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದೆವು.

ಒಂದು ನಷ್ಟದ ಕಥೆ. ಇದ್ದುದರಲ್ಲಿ ದುಬಾರಿಯಾದ ಊಲಾಂಗ್ ಡಬ್ಬಿಯನ್ನು ಸಾರಿನ ಪುಡಿಯ ಪಕ್ಕ ಇಟ್ಟಿದ್ದೆ. ಮುಚ್ಚಳ ಸಡಿಲ. ಹದಿನೈದು ದಿನಕ್ಕೆ ಇಂಗು, ಕೊತ್ತಂಬರಿ ಬೀಜದ ಘಮವನ್ನೆಲ್ಲ ಎಲೆ ಹೀರಿಕೊಂಡಿತ್ತು. ಊಲಾಂಗ್ ಎಲೆಯನ್ನು ನಾಲ್ಕೈದು ಸಲ ನೀರು ಹಾಕಿ ಬಸಿಯಬಹುದು, ಪ್ರತಿ ಸಲ ರುಚಿ ಬೇರೆ. ನನಗೆ ಐದೂ ಸಲ ಸಾರೇ ಸಿಕ್ಕಿತು. ಈಗ ಎಲೆಗಳೆಲ್ಲ ಬಿಗಿ ಮುಚ್ಚಳದ ತಗಡಿನ ಡಬ್ಬಿಗಳಲ್ಲಿ ಬೆಡ್‌ರೂಮಿನ ಬೀರುವಿನಲ್ಲಿವೆ, ರೇಷ್ಮೆ ಸೀರೆಗಳ ಕೆಳಗಿನ ಖಾನೆಯಲ್ಲಿ. ಆ ಬೀರುವಿನಿಂದ ನುಸಿಗುಳಿಗೆ ತೆಗೆದುಹಾಕಿದ್ದಕ್ಕೆ ಅತ್ತೆಗೆ ಇನ್ನೂ ಅಸಮಾಧಾನ.

ಬೇಸಿಗೆಯಲ್ಲಿ ಒಲೆಯೇ ಬೇಡ. ಏಪ್ರಿಲ್ ಬಿಸಿಲಿಗೆ ಯಾರು ಬಿಸಿ ಚಹಾ ಕುಡಿಯುತ್ತಾರೆ? ಒಂದು ಲೀಟರ್ ತಣ್ಣೀರಿಗೆ 8 ಗ್ರಾಂ ನೀಲಗಿರಿ ಎಲೆ ಹಾಕಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಸೋಸುತ್ತೇನೆ. ತಣ್ಣೀರು ಒಗರನ್ನು ಕಡಿಮೆ ಎಳೆಯುವುದರಿಂದ ಸಕ್ಕರೆ ಇಲ್ಲದೆಯೂ ಸಿಹಿ ಅನ್ನಿಸುತ್ತದೆ. ಅವತ್ತು ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದವರು ಈಗ ಇದನ್ನು ಬಾಟಲಿಗೆ ತುಂಬಿಸಿಕೊಂಡು ಅಂಗಡಿಗೆ ಹೋಗುತ್ತಾರೆ. ಚಹಾ ಅಂತ ಮಾತ್ರ ಒಪ್ಪುವುದಿಲ್ಲ, "ಆ ತಂಪಿನ ನೀರು" ಅಂತಾರೆ.

ಚಿತ್ರದುರ್ಗದ ನಾದಿನಿ ಮನೆಗೆ ಹೋಗುವಾಗ ಎಲೆಯ ಜೊತೆ ಎರಡು ಲೀಟರ್ ನೀರೂ ಚೀಲದಲ್ಲಿರುತ್ತದೆ. ಅವರ ಬೋರಿನ ನೀರು ನಮ್ಮದಕ್ಕಿಂತ ಗಡಸು. "ಹಣ್ಣು ತರೋರನ್ನ ನೋಡೀವಿ ಅತ್ತಿಗೆ, ನೀರು ಹೊತ್ಕೊಂಡು ಬರೋರನ್ನ ನಿಮ್ಮನ್ನೇ ನೋಡಿದ್ದು" ಅಂತ ಅವಳು ನಗುತ್ತಾಳೆ. ಹೋದ ಸಲ ಮಕ್ಕಳನ್ನು ಕರೆದುಕೊಂಡು ಕೋಟೆ ಹತ್ತಿದ್ದೆವು. ಬಂಡೆಗಳ ಮೇಲೆ ಬಿದ್ದ ಮಳೆಯನ್ನು ಹಿಡಿದಿಟ್ಟ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ ನೋಡುತ್ತಾ ನಿಂತಾಗ ತಲೆಗೆ ಹೊಳೆಯಿತು. ಮಳೆನೀರಲ್ಲಿ ಸುಣ್ಣದ ಅಂಶ ಇರುವುದಿಲ್ಲವಲ್ಲ. ನಾದಿನಿ ಮನೆಯ ತಾರಸಿ ನೀರು ಸೋಸಿ ಬೀಳುವ ತೊಟ್ಟಿಯೂ ಇದೆ. ಮೊದಲ ನಾಲ್ಕು ಮಳೆಗೆ ತಾರಸಿ ತೊಳೆದು ಹೋಗಲಿ, ಐದನೆಯದರಲ್ಲಿ ಒಂದು ಕೊಡ ನನಗೆ ಎತ್ತಿಡು ಅಂತ ಹೇಳಿ ಬಂದಿದ್ದೇನೆ.