ದುಃಖದ ಇಂಗ್ಲಿಷ್ ಪದಗಳು: ಮಂಡ್ಯದಲ್ಲಿ ಪತ್ರ ಬರೆದುಕೊಟ್ಟ ನನ್ನ ಅನುಭವ

ಮಂಡ್ಯದ ಸುತ್ತಮುತ್ತಲ ಊರಿನವರಿಗೆ ನಾನು ಇಂಗ್ಲಿಷ್‌ನಲ್ಲಿ ಪತ್ರ ಬರೆದುಕೊಡುತ್ತೇನೆ. ಸಾವು-ನೋವಿನ ಪತ್ರಗಳೇ ಜಾಸ್ತಿ. ತೀರಿಹೋದವರು ಕೆಲಸ ಮಾಡುತ್ತಿದ್ದ ಕಂಪನಿಗೆ, ನೆರವು ಕೇಳಿ ಟ್ರಸ್ಟ್‌ಗೆ, ಹೊರದೇಶದಲ್ಲಿರುವ ನೆಂಟರಿಗೆ. ಬಂದವರು ಸಾಮಾನ್ಯವಾಗಿ ಕೇಳುವುದು ಒಂದೇ: ‘ಡೆವಾಸ್ಟೇಟೆಡ್ ಅಂತ ಹಾಕಿ ಸಾರ್.’ ಅಂದರೆ ದುಃಖದಲ್ಲಿ ಪೂರ್ತಿ ಕುಸಿದುಹೋಗಿದ್ದಾರೆ ಅಂತ. ನಾನು ತಕ್ಷಣ ಹಾಕುವುದಿಲ್ಲ. ಮನೆಯಲ್ಲಿ ಅಮ್ಮ ಹೇಗಿದ್ದಾರೆ, ಊಟ ಮಾಡ್ತಿದ್ದಾರಾ, ಯಾರ ಹತ್ರಾನಾದ್ರೂ ಮಾತಾಡ್ತಾರಾ ಅಂತ ಮೊದಲು ವಿಚಾರಿಸುತ್ತೇನೆ. ಯಾವ ಪದ ಬೇಕು ಅನ್ನುವುದು ಆ ಉತ್ತರದಿಂದಲೇ ಗೊತ್ತಾಗುತ್ತದೆ.

ಒಂದು ಕಡೆ ಕೂರಲಾರದೆ ಒಳಗೂ ಹೊರಗೂ ಓಡಾಡುತ್ತಿದ್ದರೆ ‘ಡಿಸ್ಟ್ರಾಟ್’. ಅದರಲ್ಲಿ ಚಡಪಡಿಕೆ ಇದೆ, ಗಾಬರಿ ಇದೆ. ಮಗ ಕಾಣೆಯಾಗಿ ಇನ್ನೂ ಸುದ್ದಿ ಸಿಗದಿರುವಾಗಲೂ ಇದು ಸರಿಹೋಗುತ್ತದೆ. ಮೂಲೆ ಹಿಡಿದು ಮಾತೇ ಬಿಟ್ಟವರಿಗೆ ಮಾತ್ರ ಹೊಂದುವುದಿಲ್ಲ. ಅವರಿಗೆ ‘ಬಿರೆಫ್ಟ್’ ಹತ್ತಿರ. ಏನೋ ಕಿತ್ತುಕೊಂಡು ಹೋದ ಹಾಗೆ, ಬರಿದಾದ ಹಾಗೆ. ಏನನ್ನು ಕಳೆದುಕೊಂಡರು ಅಂತ ಜೊತೆಗೇ ಹೇಳುವುದಾದರೆ ಮುಂದೆ ‘ಆಫ್’ (of) ಬರಬೇಕು. ಇದರ ಸೋದರನಂತಿರುವ ‘ಬಿರೀವ್ಡ್’ ಸಾವಿಗೇ ಮೀಸಲು. ಅದು ದುಃಖವನ್ನು ಅಳೆಯುವುದಿಲ್ಲ, ಮನೆಯಲ್ಲಿ ಸಾವಾಗಿದೆ ಅಂತಷ್ಟೇ ಹೇಳುತ್ತದೆ. ಆಫೀಸಿಗೆ ಹೋಗುವ ಅರ್ಜಿಗೆ ನನ್ನ ಆಯ್ಕೆ ಯಾವಾಗಲೂ ಇದೇ.

ಇನ್ನು ‘ಡೆವಾಸ್ಟೇಟೆಡ್’. ಲ್ಯಾಟಿನ್ ಮೂಲದ ಪದ, ನಾಡನ್ನು ಹಾಳುಗೆಡವಿ ಬಯಲು ಮಾಡುವುದಕ್ಕೆ ಬಳಸುತ್ತಿದ್ದದ್ದು. ಮನಸ್ಸಿನ ನೋವಿಗೆ ಆಮೇಲೆ ಬಂತು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದರು. ಸತ್ತವರಲ್ಲಿ ಶಾಲೆ ಮಕ್ಕಳೂ ಇದ್ದರು. ಅಂಥ ದಿನಕ್ಕೆ ಈ ಪದ ಉಳಿಯಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಕಾಲೇಜಿನಲ್ಲಿ ಸೀಟು ಸಿಗಲಿಲ್ಲ ಅಂತ ಮಾತಿನಲ್ಲಿ ಬಳಸಿದರೆ ಬಳಸಲಿ. ಬರೆಯುವಾಗ ‘ಡಿಸಪಾಯಿಂಟೆಡ್’ ಸಾಕು ಅಲ್ವಾ? ಇನ್ನೊಂದು, ಮನುಷ್ಯರು ‘ಡೆವಾಸ್ಟೇಟೆಡ್’, ಸುದ್ದಿ ‘ಡೆವಾಸ್ಟೇಟಿಂಗ್’. ಹಿಂದೆ ‘ವೆರಿ’ ಬೇಡ, ಪದವೇ ತುಂಬಿದೆ. ಒತ್ತು ಬೇಕೇ ಬೇಕು ಅನ್ನಿಸಿದರೆ ‘ಅಟರ್ಲಿ’, ಅಂದರೆ ಸಂಪೂರ್ಣವಾಗಿ, ಸಲ್ಲುತ್ತದೆ.

ಸುಮಾರು ಪತ್ರಗಳಿಗೆ ಇದ್ಯಾವುದೂ ಬೇಕಾಗುವುದಿಲ್ಲ. ‘ಮೂರು ದಿನದಿಂದ ಅವರು ಊಟ ಮುಟ್ಟಿಲ್ಲ’ ಅಂತ ಇದ್ದದ್ದನ್ನು ಸರಳ ಇಂಗ್ಲಿಷ್‌ನಲ್ಲಿ ಬರೆದರೆ ಓದುವವರಿಗೆ ನೇರ ತಟ್ಟುತ್ತದೆ.

ಎದೆ ಸೀಳುವಂಥದ್ದು ಅನ್ನುವ ‘ಹಾರ್ಟ್ ರೆಂಡಿಂಗ್’ ಅನ್ನು ‘ರೆಂಡರಿಂಗ್’ ಅಂತ ಬರೆಯುವವರು ಬಹಳ. ‘ರೆಂಡ್’ ಅಂದರೆ ಸೀಳು, ಅಷ್ಟು ನೆನಪಿದ್ದರೆ ಸಾಕು. ‘ಡಿಪ್ರೆಸ್ಡ್’ ಬಗ್ಗೆ ನಾನು ತುಂಬಾ ಹುಷಾರು. ಅದು ಕಾಯಿಲೆಯನ್ನೂ ಸೂಚಿಸುತ್ತದೆ, ಡಾಕ್ಟರ್ ಹೇಳದಿದ್ದರೆ ಅರ್ಜಿಯಲ್ಲಿ ಬರೆಯುವುದಿಲ್ಲ. ಇಂಗ್ಲೆಂಡಿನಲ್ಲಿರುವವರಿಗೆ ಬರೆಯುವಾಗ ‘ಶ್ಯಾಟರ್ಡ್’ (ನುಚ್ಚುನೂರಾದ) ಕೂಡ ಬಿಡುತ್ತೇನೆ. ಅಲ್ಲಿ ದಣಿದು ಸುಸ್ತಾದವರೂ ಅದನ್ನೇ ಹೇಳುತ್ತಾರೆ.