ಟಾರ್ಚ್ ಹಿಡ್ಕೊಂಡು ಶಂಖದ ಹುಳ ಆರಿಸಿದ್ದು – ನಮ್ಮನೆ ಹಿತ್ತಲಿನ ಅನುಭವ

ನಮ್ಮನೆ ಇರೋದು ಹೊಸನಗರದ ಕಡೆ, ಮುಂದೆ ಅಂಗಳ, ಕೆಳಗೆ ಅಡಿಕೆ ತೋಟ, ಹಿಂದುಗಡೆ ಐದಾರು ಗುಂಟೆ ಹಿತ್ತಲು. ಮಳೆಗಾಲದ ತರಕಾರಿ ಅಂದ್ರೆ ನಮ್ಗೆ ಅಲ್ಲಿದೇ, ಪೇಟೆಯಿಂದ ತರೋದು ಬರೀ ಈರುಳ್ಳಿ ಆಲೂಗಡ್ಡೆ. ಗಿಡದ ಹೇನು, ಎಲೆ ತಿನ್ನೋ ಕಂಬಳಿಹುಳ ಇವೆಲ್ಲ ಮೊದ್ಲಿಂದ್ಲೂ ಇದ್ದಿದ್ದೇ, ಆದ್ರೆ ನನ್ನನ್ನ ನಿಜವಾಗ್ಲೂ ಅಳಿಸಿದ್ದು ಶಂಖದ ಹುಳ, ಅಂದ್ರೆ ದೊಡ್ಡ ಜಾತಿಯ ಬಸವನ ಹುಳ.

ನಾಲ್ಕು ವರ್ಷದ ಹಿಂದೆ ನರ್ಸರಿಯಿಂದ ಪಪ್ಪಾಯಿ ಮತ್ತೆ ಕಾಳುಮೆಣಸಿನ ಸಸಿ ತಂದಿದ್ವಿ, ಆ ಪ್ಯಾಕೆಟ್ ಮಣ್ಣಲ್ಲೇ ಮೊಟ್ಟೆ ಬಂದಿರ್ಬೇಕು ಅಂತ ನನ್ನ ಗುಮಾನಿ. ಮೊದಲ ವರ್ಷ ಒಂದೋ ಎರಡೋ ಕಂಡಾಗ "ಎಷ್ಟು ಚೆನಾಗಿದೆ ನೋಡಿ ಶಂಖದ ತರ" ಅಂತ ಫೋಟೋ ಬೇರೆ ತೆಗ್ದಿದ್ದೆ ಮಾರಾಯ್ರೆ! ಮಾರನೇ ವರ್ಷ ಜೂನ್‌ನಲ್ಲಿ ಅಲಸಂದೆ ಬೀಜ ಹುಟ್ಟಿ ಎರಡೆಲೆ ಬಿಟ್ಟಿದ್ದು ಸಂಜೆ ನೋಡಿದ್ದೆ, ಬೆಳಿಗ್ಗೆ ಎದ್ದು ಹೋದ್ರೆ ಸಾಲಿಗೆ ಸಾಲೇ ಇಲ್ಲ, ಮಣ್ಣಿನ ಮೇಲೆ ಬೆಳ್ಳಗೆ ಹೊಳೆಯೋ ಲೋಳೆಯ ಗೆರೆ ಮಾತ್ರ. ಇದು ನಮ್ಮೂರಿನ ಸಣ್ಣ ಬಸವನ ಹುಳ ಅಲ್ಲ, ಪೂರ್ವ ಆಫ್ರಿಕಾದ್ದು, 1847ರಲ್ಲಿ ಬ್ರಿಟಿಷನೊಬ್ಬ ಮಾರಿಷಸ್‌ನಿಂದ ಕಲ್ಕತ್ತಕ್ಕೆ ತಂದು ಬಿಟ್ಟಿದ್ದು ಅಂತ ಆಮೇಲೆ ಓದಿದೆ. ಒಂದೇ ಹುಳದಲ್ಲಿ ಗಂಡೂ ಹೆಣ್ಣೂ ಎರಡೂ ಇರತ್ತೆ, ಹಾಗಾಗಿ ಪ್ರತಿಯೊಂದೂ ಮೊಟ್ಟೆ ಇಡತ್ತೆ, ಅದೂ ಒಂದ್ಸಲಕ್ಕೆ ನೂರು ಇನ್ನೂರು.

ಮೊದಲು ನಾನು ಮಾಡಿದ್ದು ದಡ್ಡ ಕೆಲಸ. ಉಪ್ಪು ಹಾಕಿದ್ರೆ ಸಾಯತ್ತೆ ಅಂತ ಯಾರೋ ಹೇಳಿದ್ರು, ಸರಿ ಅಂತ ಎರಡು ಕೆಜಿ ಕಲ್ಲುಪ್ಪು ತಂದು ಪಾತಿ ಸುತ್ತ ಕೋಟೆ ತರ ಸುರಿದೆ, ರಾತ್ರಿ ಮಳೆ ಬಂತು, ಉಪ್ಪೆಲ್ಲ ಕರಗಿ ಬುಡಕ್ಕೇ ಇಳೀತು, ಉಳಿದಿದ್ದ ನಾಲ್ಕು ಬೆಂಡೆ ಗಿಡನೂ ಸುಟ್ಟ ಹಾಗೆ ಒಣಗಿ ಹೋಯ್ತು. ಅತ್ತೆ ಕಟ್ಟೆ ಮೇಲೆ ಕೂತು "ಉಪ್ಪು ಹಾಕೋದು ಹುಳಕ್ಕಾ ಗಿಡಕ್ಕಾ ಮಾರಾಯ್ತಿ" ಅಂತ ಕೇಳಿದ್ರು, ನಾನು ಉತ್ರ ಕೊಡ್ಲಿಲ್ಲ.

ಅಂಗಡಿಯಲ್ಲಿ ಇದಕ್ಕೆ ಅಂತ್ಲೇ ಮೆಟಾಲ್ಡಿಹೈಡ್ ಗುಳಿಗೆ ಸಿಗತ್ತೆ. ಕೆಲಸ ಮಾಡತ್ತೆ, ಇಲ್ಲ ಅನ್ನಲ್ಲ, ಆದ್ರೆ ನಾಯಿ ಅದನ್ನ ತಿಂಡಿ ಅಂತ ತಿಂದ್ರೆ ಜೀವಕ್ಕೇ ಅಪಾಯ. ನಮ್ಮನೇಲಿ ನಾಯಿ ಇದೆ, ಕರು ಬಿಚ್ಚಿಕೊಂಡು ಹಿತ್ತಲಿಗೆ ಬರತ್ತೆ, ಹಾಗಾಗಿ ನಮ್ಗೆ ಅದು ಬೇಡ ಅಂತ ಬಿಟ್ವಿ.

ಕೊನೆಗೆ ಉಪಯೋಗಕ್ಕೆ ಬಂದಿದ್ದು ಆರಿಸೋದು. ಹಗಲಲ್ಲಿ ಇವು ಕಾಣಲ್ಲ, ದರಕಿನ ಅಡಿ, ಕಲ್ಲಿನ ಸಂದಿ, ತೆಂಗಿನ ಸಿಪ್ಪೆ ರಾಶಿಯಲ್ಲಿ ಅಡಗಿರತ್ತೆ. ಸಂಜೆ ಒಂದು ಗೋಣಿಚೀಲ ಚೆನ್ನಾಗಿ ನೆನೆಸಿ ಪಾತಿ ಪಕ್ಕ ಹಾಸಿ, ಅದರಡಿಗೆ ಪಪ್ಪಾಯಿ ಎಲೆ, ಅದರ ದಂಟು, ಕೋಸಿನ ಹೊರಗಿನ ಎಲೆ ಇದ್ರೆ ಅದು, ಹೀಗೆ ಇಡೋದು. ರಾತ್ರಿ ಊಟ ಆದ್ಮೇಲೆ ಒಂಬತ್ತು ಗಂಟೆಗೆ ಟಾರ್ಚ್, ಬಕೆಟ್, ಕೈಗೆ ಗ್ಲೌಸು. ಚೀಲ ಎತ್ತಿದ್ರೆ ಒಂದರ ಮೇಲೊಂದು ಹತ್ತಿಕೊಂಡು ಎಲೆ ತಿಂತಾ ಇರತ್ತೆ, ಕಿವಿ ಕೊಟ್ಟು ಕೇಳಿದ್ರೆ ಕರಕರ ಅಂತ ಸಣ್ಣ ಸದ್ದು ಕೂಡ ಬರತ್ತೆ. ಮೊದಲ ರಾತ್ರಿ 63 ಸಿಕ್ತು, ಎರಡನೇ ರಾತ್ರಿ 40 ಚಿಲ್ಲರೆ. ಸುಣ್ಣ ಬಳಿದ ಹಿಂದಿನ ಗೋಡೆನೂ ನೋಡ್ಬೇಕು, ಚಿಪ್ಪಿಗೆ ಸುಣ್ಣ ಬೇಕಲ್ಲ, ಗೋಡೆ ಹತ್ತಿ ಸುಣ್ಣ ಕೆರೆದು ತಿಂತಾವೆ. ಆರಿಸಿದ್ದನ್ನ ಗಟ್ಟಿ ಉಪ್ಪುನೀರಿನ ಬಕೆಟ್‌ಗೆ ಹಾಕಿ, ಬೆಳಿಗ್ಗೆ ನೀರನ್ನ ಗಿಡ ಇಲ್ಲದ ಕಡೆ ಚೆಲ್ಲಿ, ಹುಳ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ತೀವಿ.

ಗ್ಲೌಸ್ ವಿಷಯ ತಮಾಷೆ ಅಲ್ಲ. ಇಲಿಯಿಂದ ಬರೋ ಒಂದು ಜಂತು ಈ ಹುಳದ ಮೈಯಲ್ಲಿ ಇರಬಹುದು, ಅದು ಮನುಷ್ಯರ ಹೊಟ್ಟೆ ಸೇರಿದ್ರೆ ಮಿದುಳಿನ ಪೊರೆಗೆ ಬಾವು ಬರಬಹುದು. ಅದಕ್ಕೇ ಹಿತ್ತಲಿನ ಸೊಪ್ಪನ್ನ ಮೂರು ಸಲ ತೊಳೀದೆ ಈಗ ನಾನು ಒಲೆ ಮೇಲೆ ಇಡಲ್ಲ, ಹಸಿ ತಂಬ್ಳಿಗಂತೂ ಒಂದೆಲಗನ ಒಂದೊಂದೇ ಎಲೆ ತಿರುಗಿಸಿ ನೋಡ್ತೀನಿ.

ಮೇ ರಜಕ್ಕೆ ಬಂದಿದ್ದ ನಾದಿನಿ ಮಗನಿಗೆ ಇವ್ರು ಒಂದು ಹುಳಕ್ಕೆ ಒಂದು ರೂಪಾಯಿ ಅಂದ್ರು. ಹುಡುಗ ಎರಡು ದಿನದಲ್ಲಿ ಇನ್ನೂರು ರೂಪಾಯಿ ಎಣಿಸ್ಕೊಂಡ, ನಮ್ಮ ಹಿತ್ತಲಲ್ಲಿ ಇಷ್ಟಿತ್ತಾ ಅಂತ ಆಶ್ಚರ್ಯ ಆಗಿ ವಿಚಾರಿಸಿದ್ರೆ ಅರ್ಧ ಪಕ್ಕದ ಮನೆಯವ್ರ ಹಿತ್ತಲಿಂದ ಆರಿಸ್ಕೊಂಡು ಬಂದಿದ್ದು! ಇವ್ರಿಗೆ ಸಿಟ್ಟು, ಪಕ್ಕದ ಮನೆಯವ್ರಿಗೆ ಖುಷಿ. ನಂಗೆ ಕೇಳಿದ್ರೆ ಲಾಭನೇ, ಅಲ್ಲಿದ್ದಿದ್ದು ನಾಳೆ ಇಲ್ಲಿಗೇ ಬರೋದು ತಾನೆ.

ಮೊಟ್ಟೆ ನೋಡೋಕೆ ಥೇಟ್ ನೆನೆಸಿದ ಸಬ್ಬಕ್ಕಿ ತರ, ಸ್ವಲ್ಪ ಹಳದಿ ಬಣ್ಣ, ಹಸಿ ಮಣ್ಣು ಒಂದಿಂಚು ಕೆದಕಿದ್ರೆ ಗೊಂಚಲಾಗಿ ಸಿಗತ್ತೆ. ಬಾಳೆ ಬುಡ, ಗೊಬ್ಬರದ ಅಂಚು ಇಲ್ಲೆಲ್ಲ ಹುಡುಕಿ. ಇನ್ನು ಬೇಸಿಗೆಯಲ್ಲಿ ಇವು ಚಿಪ್ಪಿನ ಬಾಯಿಗೆ ಬಿಳಿ ಪೊರೆ ಕಟ್ಕೊಂಡು ಮಲಗಿರತ್ತೆ, ಓಡಲ್ಲ ಹೋಗಲ್ಲ, ಮಾರ್ಚ್‌ನಲ್ಲಿ ಪಾಗಾರದ ಕಲ್ಲು ಸಂದಿ ಮತ್ತೆ ಸಿಪ್ಪೆ ರಾಶಿ ಒಂದ್ಸಲ ಮಗುಚಿ ಹಾಕಿದ್ರೆ ಜೂನ್‌ನ ಅರ್ಧ ಕೆಲಸ ಅಲ್ಲೇ ಮುಗೀತು. ಇದು ನಂಗೆ ಮೂರನೇ ವರ್ಷಕ್ಕೆ ಹೊಳೆದಿದ್ದು. ಪಪ್ಪಾಯಿ ಬುಡಕ್ಕೆ ಮಾತ್ರ ಬೋರ್ಡೋ ಮುಲಾಮು ಬಳೀತೀವಿ, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಹತ್ತು ಲೀಟರ್ ನೀರಿನ ಲೆಕ್ಕ. ಮೈಲುತುತ್ತದಲ್ಲಿ ತಾಮ್ರ ಇರತ್ತೆ, ತಾಮ್ರ ಇದ್ದಲ್ಲಿ ಶಂಖದ ಹುಳ ಅಷ್ಟಾಗಿ ಹತ್ತಲ್ಲ, ಆದ್ರೆ ನಮ್ಮ ಮಳೆಗೆ ತೊಳೆದು ಹೋಗತ್ತೆ, ಮತ್ತೆ ಬಳೀಬೇಕು.

ಎರಡನೇ ಕಾಟ ಹಣ್ಣುನೊಣ. ಮೊಗೆಕಾಯಿ, ಹೀರೆ, ಹಾಗಲ ಎಲ್ಲ ಮಿಡಿಯಲ್ಲೇ ಸೊಟ್ಟ ಆಗಿ ಹಳದಿ ತಿರುಗಿ ಕೊಳೆಯೋದು, ಒಡೆದ್ರೆ ಒಳಗೆ ಬಿಳಿ ಹುಳ ಪಟಪಟ ಹಾರತ್ತೆ. ಟ್ರ್ಯಾಪ್ ಕಟ್ಟಿ ಅಂದ್ರು, ಅಂಗಡಿಯವ್ರು ಕೊಟ್ಟಿದ್ದನ್ನ ತಂದು ಚಪ್ಪರಕ್ಕೆ ನೇತು ಹಾಕಿದೆ, ವಾರದಲ್ಲಿ ಡಬ್ಬಿ ತುಂಬ ನೊಣ ಬಿತ್ತು, ನಾನು ಎಲ್ಲರಿಗೂ ತೋರಿಸಿದ್ದೇ ತೋರಿಸಿದ್ದು. ಆದ್ರೆ ಕಾಯಿ ಕೊಳೆಯೋದು ನಿಲ್ಲಲೇ ಇಲ್ಲ! ಆಮೇಲೆ ಗೊತ್ತಾಯ್ತು, ಅದರಲ್ಲಿದ್ದ ನೊಣ ಸೆಳೆಯೋ ಮದ್ದು ಮೀಥೈಲ್ ಯುಜಿನಾಲ್, ಮಾವಿನ ನೊಣಕ್ಕೆ. ಬಳ್ಳಿ ತರಕಾರಿಯ ನೊಣ ಬೇರೆ ಜಾತಿ, ಅದಕ್ಕೆ ಕ್ಯೂ ಲ್ಯೂರ್ ಅಂತ ಕೇಳಿ ತಗೋಬೇಕು. ಅದಕ್ಕೂ ಬೀಳೋದು ಗಂಡು ನೊಣ ಮಾತ್ರ, ಕಾಯಿ ಚುಚ್ಚಿ ಮೊಟ್ಟೆ ಇಡೋ ಹೆಣ್ಣು ಬೀಳಲ್ಲ, ಹಾಗಾಗಿ ಹೂ ಬಾಡಿದ ತಕ್ಷಣ ಮಿಡಿಗೆ ಹಳೇ ಕಾಟನ್ ಸೀರೆ ತುಂಡಿನ ಚೀಲ ಕಟ್ತೀನಿ. ಮೊದಲು ಪೇಪರ್ ಸುತ್ತಿ ನೋಡಿದ್ದೆ, ಮಳೆಗೆ ಮುದ್ದೆ ಆಗಿ ಕಾಯಿಗೇ ಅಂಟ್ಕೊಳ್ತು.

ಇನ್ನೊಂದು ತಪ್ಪು, ಕೊಳೆತ ಕಾಯನ್ನ ಇಷ್ಟು ವರ್ಷ ಗೊಬ್ಬರ ಗುಂಡಿಗೇ ಎಸೀತಿದ್ದೆ. ಆ ಹುಳ ಕಾಯಿಂದ ಹೊರಗೆ ಬಂದು ಮಣ್ಣಲ್ಲೇ ಕೋಶ ಕಟ್ಟಿ ನೊಣ ಆಗೋದಂತೆ, ಅಂದ್ರೆ ನಾನೇ ಸಾಕಿದ ಹಾಗಾಯ್ತು. ಈಗ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಾಯಿ ಬಿಗಿದು ಬಿಡ್ತೀನಿ, ಬಿಸಿಲಿದ್ದ ದಿನ ಬಿಸಿಲಿಗೆ ಇಡ್ತೀನಿ.

ಅಲಸಂದೆ ಹೇನಿಗೆ ಬೆಳಿಗ್ಗೆ ಇಬ್ಬನಿ ಆರೋ ಮುಂಚೆ ಒಲೆ ಬೂದಿ ಎರಚಿದ್ರೆ ಸಾಕಾಗತ್ತೆ, ಜಾಸ್ತಿ ಆದ್ರೆ ಲೀಟರ್‌ಗೆ ಐದು ಎಂಎಲ್ ಬೇವಿನೆಣ್ಣೆ, ಸೋಪಿನ ನೀರು ಸ್ವಲ್ಪ. ಮಾವಿನ ಮರದ ಚಗಳಿ ಇರುವೆಗೆ ಮಾತ್ರ ಏನೂ ಹೊಡೆಯೋ ಹಾಗಿಲ್ಲ, ಅವು ಬೇರೆ ಹುಳ ಹಿಡಿದು ತಿಂತಾವೆ ಅನ್ನೋದು ನನ್ನ ಕಾರಣ, ಚಟ್ನಿಗೆ ಬೇಕು ಅನ್ನೋದು ಅತ್ತೆ ಕಾರಣ.

ಈ ವರ್ಷ ಮಾರ್ಚ್‌ನಲ್ಲಿ ಪಾಗಾರದಿಂದಲೇ ಒಂದೂವರೆ ಬಕೆಟ್ ಸಿಕ್ತು, ಮೊದಲ ಮಳೆ ಬಿದ್ದ ರಾತ್ರಿ ಚೀಲದಡಿ ಇದ್ದಿದ್ದು ಒಂಬತ್ತೇ ಒಂಬತ್ತು. ಅಲಸಂದೆ ನಾಲ್ಕೆಲೆ ಬಿಟ್ಟಿದೆ. ಕೆಳಗಿನ ಪಾಳುಬಿದ್ದ ತೋಟದ ಕಡೆಯಿಂದ ಬರೋದು ಇನ್ನೂ ನಿಂತಿಲ್ಲ, ಆ ಮೂಲೆಗೆ ಇನ್ನೆರಡು ಗೋಣಿಚೀಲ ಜಾಸ್ತಿ ಹಾಕಿದ್ದೀನಿ.