ಹಳ್ಳದ ಆಚೆ ದಡದವರ ಜೊತೆ ಮಳೆಗಾಲದ ಒಪ್ಪಂದ: ಗ್ರಾಮ ಪಂಚಾಯಿತಿಗಳಿಗೆ ಕೈಪಿಡಿ

ಮಲೆನಾಡಿನಲ್ಲಿ ಎರಡು ಗ್ರಾಮ ಪಂಚಾಯಿತಿಗಳ ಗಡಿ ಎಷ್ಟೋ ಕಡೆ ಒಂದು ಹಳ್ಳ. ಆರಿದ್ರಾ ಮಳೆ ಹಿಡಿದ ಮೇಲೆ ಅದನ್ನು ದಾಟುವಂತಿಲ್ಲ. ಆಗ ಹಳ್ಳದಾಚೆಯ ಒಂಟಿಮನೆಗೆ ತನ್ನ ಪಂಚಾಯಿತಿಗಿಂತ ಪಕ್ಕದ ಪಂಚಾಯಿತಿಯ ಊರೇ ಹತ್ತಿರವಾಗುತ್ತದೆ. ಬೇಗ ತಲುಪಬಲ್ಲವರು ಗಡಿ ನೋಡದೆ ಹೊರಡಬೇಕು, ಖರ್ಚಿನ ಲೆಕ್ಕ ಆಮೇಲೆ. ಇಷ್ಟನ್ನು ಬೇಸಿಗೆಯಲ್ಲೇ ಕಾಗದದ ಮೇಲೆ ತಂದುಕೊಳ್ಳದಿದ್ದರೆ ಮಳೆಯ ರಾತ್ರಿ ಫೋನಿನಲ್ಲಿ ಅಪ್ಪಣೆ ಕೇಳುವುದರಲ್ಲೇ ಹೊತ್ತು ಕಳೆದುಹೋಗುತ್ತದೆ.

ಏಪ್ರಿಲ್‌ನಲ್ಲಿ ಗಡಿಯುದ್ದಕ್ಕೂ ನಡೆದು ನೋಡಿ. ಎರಡೂ ಕಡೆಯ ಪಿಡಿಒ, ವಾರ್ಡ್ ಸದಸ್ಯರು, ನೀರುಗಂಟಿ, ಆಶಾ ಕಾರ್ಯಕರ್ತೆ, ಗ್ರಾಮ ಆಡಳಿತಾಧಿಕಾರಿ, ಮೆಸ್ಕಾಂ ಲೈನ್‌ಮನ್ ಒಟ್ಟಿಗೆ ಇರಲಿ. ಕಾಲುಸಂಕ, ಮೋರಿ, ಲೈನಿನ ಮೇಲೆ ಬಾಗಿದ ಮರ, ರಸ್ತೆಗೋ ಮನೆಗೋ ಧರೆ (ಗುಡ್ಡದ ಬದಿ) ಕಡಿದ ಜಾಗ ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ಧರೆಯ ಮೇಲ್ಗಡೆ ಹೊಸ ಬಿರುಕು, ಓರೆಯಾದ ಕಂಬ ಕಂಡರೆ ಆ ಮನೆಯವರನ್ನು ಎಲ್ಲಿಗೆ ಕಳಿಸುವುದೆಂದು ಅಲ್ಲೇ ಮಾತಾಡಿ. ಮಳೆಗಾಲದಲ್ಲಿ ತಿಳಿಯಾಗಿದ್ದ ಒರತೆ ಒಮ್ಮೆಲೇ ಕೆಂಪಾದರೆ ಕಾಯದೆ ಮನೆ ಬಿಡಬೇಕೆಂದೂ ಹೇಳಿಡಿ. ಮನೆಪಟ್ಟಿಯಲ್ಲಿ ಹಾಸಿಗೆ ಹಿಡಿದವರು, ಡಯಾಲಿಸಿಸ್‌ಗೆ ಹೋಗುವವರು, ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೆರಿಗೆ ಇರುವವರು ಇರಲೇಬೇಕು. ಜೊತೆಗೆ ಒಂದು ಕಾಲಂ: ‘ಹಳ್ಳ ತುಂಬಿದರೆ ಈ ಮನೆಗೆ ಯಾವ ಕಡೆಯಿಂದ ದಾರಿ?’ ಒಪ್ಪಂದ ಪೂರ್ತಿ ಈ ಕಾಲಂ ಮೇಲೆ ನಿಂತಿದೆ.

ಮೇ ತಿಂಗಳ ಸಾಮಾನ್ಯ ಸಭೆಯಲ್ಲಿ ಎರಡೂ ಪಂಚಾಯಿತಿ ಒಂದೇ ಒಕ್ಕಣೆಯ ಠರಾವು ಮಾಡಲಿ. ಯಾರು ಯಾರಿಗೆ ಕರೆ ಮಾಡಬೇಕು, ಅವರು ಸಿಗದಿದ್ದರೆ ಎರಡನೆಯವರು ಯಾರು, ಯಾವ ಸಾಮಾನು ಕೊಡುವುದು ಎಂಬುದು ಹೆಸರು, ಹುದ್ದೆ ಸಮೇತ ಬರಲಿ. ಡೀಸೆಲ್, ಪೆಟ್ರೋಲ್ ಖರ್ಚು ಸಹಾಯ ಪಡೆದವರದ್ದು. ಯಂತ್ರದ ಜೊತೆ ಅದನ್ನು ನಡೆಸುವವರೂ ಬರಬೇಕು. ಕೆಟ್ಟರೆ ರಿಪೇರಿ ಯಾರದ್ದೆಂದು ಮೊದಲೇ ತೀರ್ಮಾನವಾಗಿರಬೇಕು. ಪಕ್ಕದ ಪಂಚಾಯಿತಿ ವ್ಯಾಪ್ತಿಯಲ್ಲಿ ಮಾಡಿದ ಖರ್ಚಿಗೆ ಠರಾವಿನ ಆಧಾರ ಇಲ್ಲದಿದ್ದರೆ ಆಡಿಟ್‌ನಲ್ಲಿ ಆಕ್ಷೇಪ ಬರುತ್ತದೆ. ಆ ಭಯಕ್ಕೇ ಮುಂದಿನ ವರ್ಷ ಯಾರೂ ಕೈ ಹಾಕುವುದಿಲ್ಲ. ಪ್ರತಿಗಳು ತಹಶೀಲ್ದಾರ್, ತಾಲ್ಲೂಕು ಪಂಚಾಯಿತಿ ಇಒ, ಪೊಲೀಸ್ ಠಾಣೆ, ಅಗ್ನಿಶಾಮಕ ಠಾಣೆ, ವಲಯ ಅರಣ್ಯ ಕಚೇರಿ, ಮೆಸ್ಕಾಂ ಶಾಖಾ ಕಚೇರಿಗೆ ಹೋಗಲಿ.

ಜೆಸಿಬಿ ಮಾಲೀಕರನ್ನು ಹಳ್ಳದ ಎರಡೂ ದಡದಲ್ಲಿ ಗೊತ್ತು ಮಾಡಿಡಿ. ಒಂದೇ ದಡದಲ್ಲಿ ನಾಲ್ಕು ಯಂತ್ರ ಇದ್ದು ಸೇತುವೆ ಮುಳುಗಿದರೆ ನಾಲ್ಕೂ ಇದ್ದೂ ಇಲ್ಲದಂತೆ. ಗಂಟೆಯ ಬಾಡಿಗೆಯನ್ನೂ ಈಗಲೇ ಬರೆಸಿಕೊಳ್ಳಿ.

ಮರ ಕೊಯ್ಯುವ ಯಂತ್ರದ್ದು ಇನ್ನೂ ಸೂಕ್ಷ್ಮ. ಹೆಚ್ಚಿನ ಯಂತ್ರಗಳಿಗೆ 5 ಲೀಟರ್ ಪೆಟ್ರೋಲ್‌ಗೆ 100 ಮಿಲಿ ಟೂ-ಸ್ಟ್ರೋಕ್ ಆಯಿಲ್ ಬೆರೆಸುತ್ತಾರೆ; ನಿಮ್ಮ ಯಂತ್ರದ ಪುಸ್ತಕ ನೋಡಿ ಖಚಿತ ಮಾಡಿಕೊಳ್ಳಿ. ಬೆರೆಸಿದ್ದನ್ನು ತಿಂಗಳುಗಟ್ಟಲೆ ಇಟ್ಟರೆ ಕಾರ್ಬ್ಯುರೇಟರ್ ಕಟ್ಟಿಕೊಂಡು, ಬೇಕಾದ ದಿನವೇ ಯಂತ್ರ ಹತ್ತುವುದಿಲ್ಲ. ಚೈನ್‌ಗೆ ಹಾಕುವ ಆಯಿಲ್ ಬೇರೆಯೇ. ಲೈನಿನ ಮೇಲೆ ಬಿದ್ದ ಮರವನ್ನಂತೂ ಲೈನ್‌ಮನ್ ಖುದ್ದು ಬಂದು ‘ಲೈನ್ ಆಫ್ ಆಗಿದೆ, ಅರ್ಥಿಂಗ್ ಮಾಡಿದ್ದೇನೆ’ ಎನ್ನುವವರೆಗೆ ಮುಟ್ಟಬೇಡಿ. ಗಡಿಯ ಊರುಗಳಿಗೆ ಎರಡು ಬೇರೆ ಫೀಡರ್‌ಗಳಿಂದ ಕರೆಂಟ್ ಬರುವುದುಂಟು. ನಿಮ್ಮ ಕಡೆ ದೀಪ ಆರಿದೆ ಎಂದರೆ ಆ ತಂತಿ ಸತ್ತಿದೆ ಎಂದಲ್ಲ. ಮನೆಯ ಜನರೇಟರ್‌ನ ಕರೆಂಟೂ ಹಿಂದಕ್ಕೆ ಹರಿದು ತಂತಿಗೆ ಬರಬಹುದು. ಅದಕ್ಕೇ ಎರಡೂ ಶಾಖೆಯ ಲೈನ್‌ಮನ್‌ಗಳ ನಂಬರ್ ಇಟ್ಟುಕೊಳ್ಳಿ. ಮೆಸ್ಕಾಂ ಸಹಾಯವಾಣಿ 1912. ಕಾಡಿನ ಮರವಾದರೆ ದಾರಿ ಬಿಡುವಷ್ಟೇ ತುಂಡು ಮಾಡಿ, ದಿಮ್ಮಿಯನ್ನು ಪಕ್ಕಕ್ಕೆ ಉರುಳಿಸಿ, ಫೋಟೊ ತೆಗೆದು ಅರಣ್ಯ ಕಚೇರಿಗೆ ತಿಳಿಸಿ. ಯಾರೂ ಮನೆಗೆ ಒಯ್ಯಬಾರದು.

ನೀರಿನ ಸುದ್ದಿ ಮೇಲಿನ ಪಂಚಾಯಿತಿಯಿಂದ ಕೆಳಗಿನದಕ್ಕೆ ಹೋಗಬೇಕು. ಹವಾಮಾನ ಇಲಾಖೆ ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ ಎನ್ನುತ್ತದೆ. ಆಗುಂಬೆ, ಹೊಸನಗರದ ಕಡೆ ಜುಲೈನಲ್ಲಿ ಅದು ವಾಡಿಕೆಯ ಮಳೆ. ಆದ್ದರಿಂದ ಅಂಕಿಯೊಂದನ್ನೇ ನಂಬದೆ ಎರಡೂ ಪಂಚಾಯಿತಿಯ ಸೇತುವೆಯ ಕಂಬಕ್ಕೆ ಹಳದಿ, ಕೆಂಪು ಪಟ್ಟಿ ಬಳಿಯಿರಿ. ಮೊದಲ ಎರಡು ಜೋರು ಮಳೆಯಲ್ಲಿ ನೀರು ಮೇಲಿನ ಪಂಚಾಯಿತಿಯ ಸೇತುವೆಯ ಹಳದಿ ಮುಟ್ಟಿದ ಗಳಿಗೆ, ಕೆಳಗಿನದರ ಹಳದಿ ಮುಟ್ಟಿದ ಗಳಿಗೆ ಎರಡನ್ನೂ ಬರೆದಿಡಿ. ಅವುಗಳ ನಡುವಿನ ಸಮಯವೇ ಕೆಳಗಿನವರಿಗೆ ಸಿಗುವ ಅವಧಿ. ಅಣೆಕಟ್ಟೆಯ ಕೆಳಗಿನ ಪಂಚಾಯಿತಿಗಳ ಲೆಕ್ಕ ಬೇರೆ. ಗಾಜನೂರಿನ ತುಂಗಾ ಅಣೆಕಟ್ಟೆ ಚಿಕ್ಕದು, ಮಳೆಗಾಲದ ಆರಂಭದಲ್ಲೇ ತುಂಬಿ ಗೇಟು ತೆರೆಯುತ್ತಾರೆ. ಅಲ್ಲಿಯವರು ನೀರಾವರಿ ಇಲಾಖೆಯ ಸೂಚನೆಯನ್ನು ನೇರವಾಗಿ ಪಡೆಯುವ ಏರ್ಪಾಡು ಮಾಡಿಕೊಳ್ಳಬೇಕು.

ಕರೆಂಟ್ ಹೋಗಿ ಟವರ್‌ನ ಬ್ಯಾಟರಿ ಮುಗಿದರೆ ವಾಟ್ಸಾಪ್ ಗುಂಪು ನಿಂತುಹೋಗುತ್ತದೆ. ಬೆಳಿಗ್ಗೆ 6ಕ್ಕೆ, ಸಂಜೆ 6ಕ್ಕೆ ಕರೆ ಮಾಡುವ ಪದ್ಧತಿ ಇಡಿ. ಕರೆ ಬರದಿದ್ದರೆ ಗೊತ್ತುಮಾಡಿದ ಒಂದು ಅಂಗಡಿಗೋ ಶಾಲೆಗೋ ಎರಡೂ ಕಡೆಯಿಂದ ಇಬ್ಬಿಬ್ಬರು ಬೈಕಿನಲ್ಲಿ ಬರಬೇಕು. ಮೇಲೆ ನೀರು ಹರಿಯುತ್ತಿರುವ ಸೇತುವೆಯನ್ನು ಮಾತ್ರ ಯಾರೂ ದಾಟಬಾರದು; ಎರಡು ಅಡಿ ಹರಿವ ನೀರು ಜೀಪನ್ನೂ ತಳ್ಳಿಕೊಂಡು ಹೋಗುತ್ತದೆ.

ಕಾಳಜಿ ಕೇಂದ್ರವನ್ನು (ಮನೆ ಬಿಟ್ಟು ಬಂದವರು ತಂಗುವ ಜಾಗ) ದಡ ನೋಡಿ ಆರಿಸಿ, ಪಂಚಾಯಿತಿ ನೋಡಿ ಅಲ್ಲ. 50 ಜನರಿಗೆ ದಿನಕ್ಕೆ 20 ಕಿಲೋ ಅಕ್ಕಿ, ಮೂರೂವರೆ ಕಿಲೋ ತೊಗರಿಬೇಳೆ, ಕುಡಿಯಲು, ಅಡುಗೆಗೆ, ತೊಳೆಯಲು ಸೇರಿ ಕನಿಷ್ಠ 750 ಲೀಟರ್ ನೀರು ಬೇಕು. ತಿಳಿ ನೀರಾದರೆ ಸಾವಿರ ಲೀಟರ್‌ಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್‌ನಿಂದ ಶುರು ಮಾಡಿ, ಅರ್ಧ ಗಂಟೆ ಬಿಟ್ಟು, ನೀರಿನಲ್ಲಿ ಉಳಿದ ಕ್ಲೋರಿನ್ ಅಳೆಯುವ ಕ್ಲೋರೊಸ್ಕೋಪ್‌ನಲ್ಲಿ ನೋಡಿ. ಲೀಟರ್‌ಗೆ 0.5 ಮಿಲಿಗ್ರಾಂ ತೋರಿಸದಿದ್ದರೆ ಮತ್ತಷ್ಟು ಹಾಕಿ. ಮಲೆನಾಡಿನ ತೇವಕ್ಕೆ ಬಾಯಿ ತೆರೆದ ಚೀಲದ ಪೌಡರ್ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿಯಾಡದ ಡಬ್ಬಿಯಲ್ಲಿಡಿ. ರಿಜಿಸ್ಟರ್‌ನಲ್ಲಿ ಪ್ರತಿಯೊಬ್ಬರ ಮನೆ ಇರುವ ಗ್ರಾಮದ ಹೆಸರು ಬರೆಯುವುದನ್ನು ಮರೆಯಬೇಡಿ. ಮನೆಹಾನಿಯ ಸ್ಥಳ ಪರಿಶೀಲನೆ ಆ ಗ್ರಾಮದ ಆಡಳಿತಾಧಿಕಾರಿಯದ್ದು. ಇಲ್ಲಿ ತಪ್ಪಿದರೆ ಪರಿಹಾರದ ಅರ್ಜಿ ಎರಡು ಕಚೇರಿಗಳ ನಡುವೆ ಅಲೆಯುತ್ತದೆ.

ಗಡಿ ಜಿಲ್ಲೆಯದ್ದೂ ಆಗಿದ್ದರೆ, ಆಗುಂಬೆ ಮತ್ತು ಘಾಟಿಯ ಕೆಳಗಿನ ಸೋಮೇಶ್ವರದ ಹಾಗೆ, ಎರಡೂ ಜಿಲ್ಲಾಧಿಕಾರಿಗಳ ಕಚೇರಿಗೆ ಠರಾವಿನ ಪ್ರತಿ ಕೊಡಿ. ಘಾಟಿಯಲ್ಲಿ ಧರೆ ಕುಸಿದರೆ ಮಣಿಪಾಲಕ್ಕೆ ಹೊರಟ ಆಂಬುಲೆನ್ಸ್ ಅರ್ಧ ದಾರಿಗೆ ಬಂದು ತಿರುಗಬಾರದು. ಮೇಲಿನವರು ತೀರ್ಥಹಳ್ಳಿಯಲ್ಲೇ, ಕೆಳಗಿನವರು ಹೆಬ್ರಿಯಲ್ಲೇ ತಡೆದು ತಿಳಿಸುವ ಹೊಣೆ ಹೊರಲಿ.

ಮೇ ಕೊನೆಯ ವಾರ ಒಂದು ಸಂಜೆ, ಮುಂಚೆ ಹೇಳದೆ, ಒಂದು ಒಂಟಿಮನೆಯ ಹೆಸರು ಹೇಳಿ ತಾಲೀಮು ಮಾಡಿ. ಮೊದಲ ಕರೆಯಿಂದ ಆ ಮನೆಯಂಗಳ ತಲುಪುವವರೆಗೆ ಎಷ್ಟು ನಿಮಿಷ ಹಿಡಿಯಿತು, ಯಾರ ಫೋನ್ ಸಿಗಲಿಲ್ಲ, ಯಾವ ಗೇಟಿನ ಕೀಲಿ ಯಾರ ಹತ್ತಿರ ಇತ್ತು ಎಂದು ಬರೆದಿಡಿ. ಪುಷ್ಯ ಮಳೆಗೆ ಮೊದಲು, ಜುಲೈ ಮಧ್ಯದಲ್ಲಿ, ಪಟ್ಟಿಯ ಪ್ರತಿ ನಂಬರಿಗೂ ಇನ್ನೊಮ್ಮೆ ಕರೆ ಮಾಡಿ, ವರ್ಗವಾಗಿ ಹೋದವರ ಹೆಸರು ಹೊಡೆದು ಹೊಸಬರ ಹೆಸರು ಸೇರಿಸಿ.